ಅರ್ಥಶೌಚದ ಒಂದು ಪ್ರಶ್ನೆ

ಕಳೆದ ಪುಷ್ಯ ಬಹುಳ ಅಮಾವಾಸ್ಯೆಯಂದು ನಮ್ಮ ದೇವಸ್ಥಾನದಲ್ಲಿ ಶ್ರೀ ಪುರಂದರದಾಸರ ಆರಾಧನೆಯು ಯಥಾಪ್ರಕಾರ ಜರುಗಿದ ಸಂಗತಿ ವಾಚಕ ಮಹಾಶಯರಿಗೆ ತಿಳಿದೇ ಇದೆ. ಅಂದು ಸಂಜೆಯ ಉಪನ್ಯಾಸದಲ್ಲಿ ದಾಸರ ಪೂರ್ವಜೀವನದ ಕಥೆ ಬಂದಿತು. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕ, ಮಗನ ಉಪನಯನಕ್ಕೆಂದು ಬೇಡಿ ಬಂದ ವೃದ್ಧ ಬ್ರಾಹ್ಮಣ, ಮೂಗುತಿಯ ಪ್ರಸಂಗ, ಕಡೆಗೆ ಸರ್ವಸ್ವವನ್ನೂ ದಾನವಿತ್ತು ವ್ಯಾಸರಾಯರ ಸನ್ನಿಧಿಗೆ ತೆರಳಿದುದು, ಇವೆಲ್ಲವನ್ನೂ ಉಪನ್ಯಾಸಕರು ಹೃದಯಂಗಮವಾಗಿ ನಿರೂಪಿಸಿದರು. ಮಂಗಳಾರತಿಗೆಂದು ಎಲ್ಲರೂ ಏಳುತ್ತಿದ್ದಾಗ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಓದುತ್ತಿರುವ ತರುಣನೊಬ್ಬನು ಕೈಮುಗಿದು ನಿಂತು ಕೇಳಿದನು: “ಆಚಾರ್ಯರೇ, ದಾಸರು ಆ ಒಂಬತ್ತು ಕೋಟಿಯನ್ನು ಬಿಟ್ಟದ್ದು ವೈರಾಗ್ಯ ಬಂದುದರಿಂದಲೋ, ಅದು ತಪ್ಪು ದಾರಿಯಿಂದ ಬಂದದ್ದೆಂದು ತಿಳಿದುದರಿಂದಲೋ? ತಪ್ಪು ಮಾಡದೆ ಒಂಬತ್ತು ಕೋಟಿ ಗಳಿಸಲು ಆಗುತ್ತದೆಯೇ?”

ಉಪನ್ಯಾಸಕರು ನಕ್ಕು, “ಎಲ್ಲವೂ ಹರಿಯಿಚ್ಛೆ” ಎಂದರು. ಅಷ್ಟರಲ್ಲಿ ಜಾಗಟೆ ಮೊಳಗಿತು. ತರುಣನು ತೀರ್ಥ ತೆಗೆದುಕೊಂಡು ಹೊರಟುಹೋದನು. ಪ್ರಶ್ನೆ ಮಾತ್ರ ಪ್ರಾಕಾರದಲ್ಲಿಯೇ ಉಳಿಯಿತು. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಈ ಪತ್ರಿಕೆಯ ಸಂಪಾದಕರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ವಿದ್ವಾಂಸನಲ್ಲ. ಪಾಠಶಾಲೆಯಲ್ಲಿ ಕೆಲವು ವರ್ಷ ಕುಳಿತವನು, ಅನಂತರ ಅರ್ಥಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡು ಬಿ.ಎ. ಮಾಡಿದವನು. ಎರಡು ಕಡೆಯೂ ಅರೆ ಕಲಿತವನ ಮಾತೆಂದು ತಿಳಿದು ಓದಬೇಕು.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡೋಣ. ನಮ್ಮ ಶಾಸ್ತ್ರಗಳು ಧನವನ್ನು ನಿಂದಿಸುವುದಿಲ್ಲ. ಅರ್ಥವು ಪುರುಷಾರ್ಥಗಳಲ್ಲೊಂದು, ಸಂಪತ್ತಿನ ಅಭಿಮಾನಿದೇವತೆ ಸಾಕ್ಷಾತ್ ಶ್ರೀಹರಿಯ ಪಟ್ಟದರಸಿ. ದಾರಿದ್ರ್ಯವೇ ಪುಣ್ಯವೆಂದು ಹಸಿದವನಿಗೆ ಬೋಧಿಸುವುದು ಉಂಡವರ ಚಪಲವೇ ಹೊರತು ಧರ್ಮವಲ್ಲ. ಹಾಗೆಯೇ ಕಲಬೆರಕೆ, ಲಂಚ, ಸುಳ್ಳು ತೂಕ, ಪರರ ಭೂಮಿಯ ಅಪಹಾರ ಇವುಗಳಿಂದ ಬಂದ ಹಣದ ವಿಷಯದಲ್ಲಿ ಚರ್ಚೆಯೇ ಬೇಕಿಲ್ಲ. ಬಳ್ಳಾರಿ ಸೀಮೆಯ ಅಕ್ರಮ ಗಣಿಗಾರಿಕೆಯ ಬಗೆಗೆ 2011ರಲ್ಲಿ ಲೋಕಾಯುಕ್ತರು ಸಲ್ಲಿಸಿದ ವರದಿಯನ್ನು ಓದಿದವರಿಗೆ ಅಂಥ ಐಶ್ವರ್ಯ ಎಲ್ಲಿಂದ ಬರುತ್ತದೆಂದು ಹೇಳಬೇಕಾಗಿಲ್ಲ. ತರುಣನು ಕೇಳಿದ್ದು ಅದನ್ನಲ್ಲ. ಯಾವ ಕಾನೂನನ್ನೂ ಮುರಿಯದೆ, ಯಾರಿಗೂ ಸುಳ್ಳು ಹೇಳದೆ, ತೆರಿಗೆ ಕಟ್ಟಿ, ಒಬ್ಬ ಮನುಷ್ಯನು ಸಾವಿರಾರು ಕೋಟಿ ಗಳಿಸಬಹುದೇ, ಗಳಿಸಿದರೆ ಅದು ಅವನದೇ ಎಂಬುದು ಅವನ ಪ್ರಶ್ನೆಯ ಹುರುಳು.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ದಿನಕ್ಕೆ ಒಂದು ಸಾವಿರ ರೂಪಾಯಿ ಉಳಿಸಬಲ್ಲ ದುಡಿಮೆಗಾರನೊಬ್ಬನಿದ್ದಾನೆನ್ನೋಣ. ನಮ್ಮಲ್ಲಿ ಎಷ್ಟು ಜನರಿಗೆ ಅಷ್ಟು ಉಳಿಯುತ್ತದೆ ಎಂಬ ಮಾತು ಹಾಗಿರಲಿ. ಒಂದು ಕೋಟಿಯಾಗಲು ಅವನಿಗೆ 27 ವರ್ಷಗಳಿಗೆ ಮೇಲ್ಪಟ್ಟು ಬೇಕು. ಒಂಬತ್ತು ಕೋಟಿಗೆ 246 ವರ್ಷ. ಸಾವಿರ ಕೋಟಿಗೆ ಇಪ್ಪತ್ತೇಳು ಸಾವಿರ ವರ್ಷಗಳಿಗೂ ಅಧಿಕ. ಬುದ್ಧಿವಂತಿಕೆಯನ್ನು ಹತ್ತು ಪಟ್ಟು, ನೂರು ಪಟ್ಟು ಎಂದೆಣಿಸಿದರೂ ಒಂದು ಆಯುಷ್ಯದಲ್ಲಿ ಸಾವಿರ ಕೋಟಿ ಒಬ್ಬನ ಎರಡು ಕೈಗಳಿಂದ ಆಗುವುದಿಲ್ಲ. ಅಲ್ಲಿ ಬೇರೆ ಕೈಗಳು ಸೇರಲೇಬೇಕು. ಸೇರುವುದು ದೋಷವಲ್ಲ, ಮೊಸರು ಕಡೆಯಲೂ ಎರಡು ಕೈ ಬೇಕು. ಆದರೆ ಸೇರಿದ ಕೈಗಳು ಯಾರವು, ಅವಕ್ಕೆ ಸಂದದ್ದೆಷ್ಟು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಮನುಸ್ಮೃತಿಯು ಶುದ್ಧಿಯನ್ನು ವಿವರಿಸುವ 5ನೆಯ ಅಧ್ಯಾಯದಲ್ಲಿ, ಎಲ್ಲ ಶೌಚಗಳಲ್ಲಿ ಅರ್ಥಶೌಚವೇ ಹಿರಿದೆಂದೂ, ಮಣ್ಣು ನೀರುಗಳಿಂದ ಮೈ ತೊಳೆದವನು ಅಷ್ಟರಿಂದಲೇ ಶುಚಿಯಾಗಲಾರನೆಂದೂ ಹೇಳುತ್ತದೆ. ಈ ಮಾತು ನಮ್ಮಂಥವರ ಮನೆಯ ಗೋಡೆಯ ಮೇಲೆ ಬರೆಯಿಸತಕ್ಕದ್ದು. ಮಡಿಯ ವಿಷಯದಲ್ಲಿ ನಾವು ಎಷ್ಟು ಜಾಗರೂಕರು! ನೈವೇದ್ಯದ ನೀರನ್ನು ಯಾರು ಸೇದಿದರು, ಕೊಡ ಯಾವುದು, ದಾರಿಯಲ್ಲಿ ಯಾರಾದರೂ ಮುಟ್ಟಿದರೇ ಎಂದು ಕೇಳಿ ಕೇಳಿ ಒಳಗೆ ಬಿಡುತ್ತೇವೆ. ಹುಂಡಿಗೆ ಬಿದ್ದ ನೋಟನ್ನು ಯಾರು ಸೇದಿದರೆಂದು ಕೇಳಿದವರನ್ನು ನಾನು ಕಂಡಿಲ್ಲ. ಅರ್ಥಶೌಚವೆಂದರೆ ನನ್ನ ಅಲ್ಪಮತಿಗೆ ತೋರುವಂತೆ ಇದೇ: ನನ್ನ ಕೈಗೆ ಬಂದುದು ಯಾರ ಕೈಯಿಂದ, ಯಾವ ರೀತಿಯಿಂದ ಬಂತೆಂಬುದನ್ನು ತಿಳಿದಿರುವುದು. ತಿಳಿಯದಿದ್ದಲ್ಲಿ ಶುದ್ಧಿಯೂ ಇಲ್ಲ. ಅಶುದ್ಧವೆಂದು ಹೇಳಲೂ ಬಾರದು, ಶುದ್ಧವೆಂದು ಹೇಳಲೂ ಬಾರದು.

ಮಹಾಭಾರತದ ಶಾಂತಿಪರ್ವದಲ್ಲಿ ತುಲಾಧಾರನೆಂಬ ವರ್ತಕನ ಕಥೆಯಿದೆ. ಜಾಜಲಿಯೆಂಬ ತಪಸ್ವಿಯು ತನ್ನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡಿ ಹಾರಿಹೋಗುವತನಕ ಅಲುಗದೆ ನಿಂತು, ತನಗೆ ಸಮನಿಲ್ಲವೆಂದು ಬೀಗಿದಾಗ, ವಾರಾಣಸಿಯ ತುಲಾಧಾರನ ಬಳಿಗೆ ಹೋಗೆಂಬ ಅಶರೀರವಾಣಿಯಾಗುತ್ತದೆ. ಹೋಗಿ ನೋಡಿದರೆ ಅವನು ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದಾನೆ. ವ್ಯಾಪಾರಿಗೆ ಧರ್ಮವಿಲ್ಲವೆನ್ನುವವರು ಈ ಕಥೆಯನ್ನು ಓದಬೇಕು. ತಪಸ್ವಿಗೆ ಧರ್ಮ ಕಲಿಸಿದವನೇ ವ್ಯಾಪಾರಿ. ತನ್ನ ತಕ್ಕಡಿ ಎಲ್ಲ ಪ್ರಾಣಿಗಳಿಗೂ ಸಮವಾಗಿ ನಿಂತಿದೆಯೆಂದು ಅವನು ಹೇಳಿಕೊಳ್ಳುವುದನ್ನು ಉಪನ್ಯಾಸಕರು ಆಗಾಗ ಉದಾಹರಿಸುತ್ತಾರೆ. ಆದರೆ ಅದೇ ಪ್ರಸಂಗದಲ್ಲಿ ಇನ್ನೊಂದು ಸಣ್ಣ ಮಾತು ಬರುತ್ತದೆ. ಅದನ್ನು ಯಾರೂ ಎತ್ತುವುದಿಲ್ಲ. ತಾನು ವಾಸಿಸುವ ಮನೆ ಪರರು ಕಡಿದು ತಂದ ಕಟ್ಟಿಗೆ ಹುಲ್ಲುಗಳಿಂದ ಆದದ್ದೆಂದು ಅವನು ಹೇಳುತ್ತಾನೆ. ಮಾಳಿಗೆಯ ಮಾತಿಲ್ಲ, ನಿಧಿಯ ಮಾತಿಲ್ಲ. ತನ್ನ ಮಾಡಿನ ಹುಲ್ಲು ಬೇರೆಯವರ ಕುಡುಗೋಲಿನಿಂದ ಬಂತೆಂಬ ಅರಿವು ಅವನಿಗಿತ್ತು. ಅವನ ಸಂಪತ್ತು ಅವನ ಅರಿವಿನೊಳಗೆ ಹಿಡಿಸುವಷ್ಟಿತ್ತು.

ಈ ಮಾತು ನನಗೆ ಪುಸ್ತಕದಿಂದ ತಿಳಿದುದಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಾನು ಪಾಠಶಾಲೆಯಲ್ಲಿ ಎರಡನೆಯ ವರ್ಷದಲ್ಲಿದ್ದಾಗ ರಜೆಗೆಂದು ಊರಿಗೆ ಬಂದಿದ್ದೆ. ನಮ್ಮ ತೀರ್ಥರೂಪರು ಆಗ ಊರಿನ ದೇವಸ್ಥಾನದಲ್ಲಿ ಅರ್ಚಕರು. ಅಕ್ಕಿಗಿರಣಿಯನ್ನೂ ಲಾರಿಗಳನ್ನೂ ಇಟ್ಟುಕೊಂಡಿದ್ದ ಶ್ರೀಮಂತರೊಬ್ಬರು ಗರ್ಭಗುಡಿಯ ಬಾಗಿಲಿಗೆ ಬೆಳ್ಳಿಯ ತಗಡು ಹೊದಿಸಿಕೊಡುವುದಾಗಿ ಮುಂದೆ ಬಂದರು. ಊರೆಲ್ಲ ಸಂಭ್ರಮ. ಅದೇ ವಾರ, ನಿತ್ಯ ಬೆಳಿಗ್ಗೆ ಹೂವು ತುಲಸಿ ತಂದುಕೊಡುತ್ತಿದ್ದ ಮುದುಕಿ ನಮ್ಮ ತಾಯಿಯವರೊಡನೆ ಹಿತ್ತಲ ಬಾಗಿಲಲ್ಲಿ ನಿಂತು, “ಎರಡು ತಿಂಗಳಾಯ್ತು ಅಮ್ಮಾವ್ರೇ, ನನ್ನ ಮಗನಿಗೆ ಆ ಗಿರಣಿಯಲ್ಲಿ ಹಮಾಲಿ ಕೂಲಿ ಕೊಟ್ಟಿಲ್ಲ. ದೇವರ ಬಾಗಿಲಿಗೆ ಬೆಳ್ಳಿ ಹಾಕಿಸ್ತಾರಂತಲ್ಲ?” ಎಂದಳು. ದೂರಿನ ಧ್ವನಿಯಲ್ಲಿ ಅಲ್ಲ, ಸುದ್ದಿ ಕೇಳುವವಳಂತೆ.

ತಾಯಿಯವರು ತೀರ್ಥರೂಪರಿಗೆ ಹೇಳಿದರು. ಅವರು ಅಂದು ಮಧ್ಯಾಹ್ನ ಊಟಕ್ಕೆ ಬಹಳ ತಡವಾಗಿ ಕುಳಿತರು. ಬೇಡವೆನ್ನುವ ಅಧಿಕಾರ ಅವರಿಗಿರಲಿಲ್ಲ. ಸಮಿತಿಯವರು ಆಗಲೇ ಒಪ್ಪಿಕೊಂಡಿದ್ದರು. ಬೆಳ್ಳಿ ಬಂತು, ದಾನಿಗಳ ಹೆಸರನ್ನು ಅದರಲ್ಲಿಯೇ ಕೊರೆಸಲಾಯಿತು, ಸಮಾರಂಭವೂ ಆಯಿತು. ತೀರ್ಥರೂಪರು ಆ ಬಾಗಿಲನ್ನು ಶುಕ್ರವಾರ ಶುಕ್ರವಾರ ಅಂಟುವಾಳದ ನೀರಿನಿಂದ ತಿಕ್ಕುವಾಗ ನಾನೊಮ್ಮೆ, “ಹೀಗೆ ತೆಗೆದುಕೊಳ್ಳಬಹುದೇ?” ಎಂದು ಕೇಳಿದೆ. ಅವರು ತಿಕ್ಕುವುದನ್ನು ನಿಲ್ಲಿಸದೆ, “ಬಾಗಿಲು ದೇವರದು. ಬೆಳ್ಳಿ ಯಾರದೆಂದು ಕೇಳಿದರೆ ನನಗೆ ಒಂದು ಹೆಸರು ಗೊತ್ತು” ಎಂದರು. ಅವರು ಹೇಳಿದ ಹೆಸರು ತಗಡಿನ ಮೇಲೆ ಇದ್ದುದಲ್ಲ.

ಅಕ್ಕಿಗಿರಣಿಯ ಯಜಮಾನರ ತಪ್ಪು ಹಿಡಿಯುವುದು ಸುಲಭ. ಅವರ ಐಶ್ವರ್ಯ ಚಿಕ್ಕದು. ಅದರಿಂದ ನೊಂದವನ ತಾಯಿ ನಮ್ಮ ಹಿತ್ತಲಿಗೆ ಬಂದು ನಿಲ್ಲಬಲ್ಲಳು. ಐಶ್ವರ್ಯ ಬೆಳೆದಂತೆಲ್ಲ ಆ ತಾಯಿ ದೂರವಾಗುತ್ತಾಳೆ. ಇದಕ್ಕೆ ನಾನು ಬಿ.ಎ. ತರಗತಿಯಲ್ಲಿ ಓದಿದ ಅಮೆರಿಕದ ಆಂಡ್ರ್ಯೂ ಕಾರ್ನೆಗಿಯ ವೃತ್ತಾಂತ ಒಳ್ಳೆಯ ನಿದರ್ಶನ. ಅವನು ದುಷ್ಟನಲ್ಲ ಎಂಬ ಕಾರಣದಿಂದಲೇ ಅದನ್ನು ಆರಿಸಿಕೊಂಡಿದ್ದೇನೆ.

ಅವನು ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನಲ್ಲಿ. ತಂದೆ ಕೈಮಗ್ಗದ ನೇಕಾರ. ಯಂತ್ರಮಗ್ಗಗಳು ಬಂದು ಅನ್ನ ಕಳೆದುಕೊಂಡ ಆ ಕುಟುಂಬವು 1848ರಲ್ಲಿ ಅಮೆರಿಕಕ್ಕೆ ವಲಸೆ ಹೋಯಿತು. ಹುಡುಗನು ಹತ್ತಿಯ ಗಿರಣಿಯಲ್ಲಿ ವಾರಕ್ಕೆ ಒಂದು ಡಾಲರು ಇಪ್ಪತ್ತು ಸೆಂಟಿನ ಕೂಲಿಗೆ ಸೇರಿದನು. ಅಲ್ಲಿಂದ ತಂತಿ ಇಲಾಖೆ, ರೈಲ್ವೆ, ಕಡೆಗೆ ಉಕ್ಕು. 1901ರಲ್ಲಿ ತನ್ನ ಉಕ್ಕಿನ ಕಾರಖಾನೆಗಳನ್ನು ಮಾರಿದಾಗ ಬಂದ ಬೆಲೆ 480 ಮಿಲಿಯನ್ ಡಾಲರು, ಎಂದರೆ 48 ಕೋಟಿ ಡಾಲರು. ಅದರಲ್ಲಿ ಸುಮಾರು ಅರ್ಧ ಅವನ ಪಾಲಿನದು. ಅವನಿಗೆ ವ್ಯಸನಗಳಿರಲಿಲ್ಲ. 1889ರಲ್ಲಿಯೇ ಅವನು ಒಂದು ಪ್ರಬಂಧ ಬರೆದು, ಶ್ರೀಮಂತನು ತನ್ನ ಹೆಚ್ಚಿನ ಧನಕ್ಕೆ ಸಮಾಜದ ಪರವಾಗಿ ನಿಂತ ನಿರ್ವಾಹಕನು ಮಾತ್ರ, ಅದನ್ನು ಹಂಚದೆ ಸಾಯುವುದು ಅವಮಾನಕರ ಎಂದು ಪ್ರತಿಪಾದಿಸಿದನು. ಬರೆದಂತೆ ನಡೆದುಕೊಂಡನು ಕೂಡ. ಅವನ ಹಣದಿಂದ ಜಗತ್ತಿನಲ್ಲಿ ಕಟ್ಟಲ್ಪಟ್ಟ ಗ್ರಂಥಾಲಯಗಳೇ ಎರಡೂವರೆ ಸಾವಿರ. ಬದುಕಿರುವಾಗಲೇ ಸುಮಾರು 350 ಮಿಲಿಯನ್ ಡಾಲರು ದಾನವಿತ್ತನು.

ಈಗ ಇನ್ನೊಂದು ಮಗ್ಗುಲು. 1892ರಲ್ಲಿ ಅವನ ಹೋಮ್‌ಸ್ಟೆಡ್ ಕಾರಖಾನೆಯಲ್ಲಿ ಕೂಲಿ ಇಳಿಸುವ ಪ್ರಸ್ತಾಪ ಬಂದು ಕಾರ್ಮಿಕ ಸಂಘಕ್ಕೂ ಆಡಳಿತಕ್ಕೂ ತಿಕ್ಕಾಟವಾಯಿತು. ವ್ಯವಸ್ಥಾಪಕನಾದ ಫ್ರಿಕ್ ಎಂಬವನು ಕಾರಖಾನೆಗೆ ಬೀಗ ಹಾಕಿ, ಪಿಂಕರ್ಟನ್ ಸಂಸ್ಥೆಯ ಮುನ್ನೂರು ಬಂದೂಕುಧಾರಿ ಕಾವಲುಗಾರರನ್ನು ಜುಲೈ 6ರ ಮುಂಜಾನೆ ನದಿಯ ಮಾರ್ಗವಾಗಿ ದೋಣಿಗಳಲ್ಲಿ ತರಿಸಿದನು. ದಿನವಿಡೀ ಕಾಳಗ ನಡೆದು ಎರಡೂ ಕಡೆಯ ಜನ ಸತ್ತರು. ಆಮೇಲೆ ಸರ್ಕಾರದ ಸೈನ್ಯ ಬಂತು, ಸಂಘ ಮುರಿಯಿತು, ಕೂಲಿ ಇಳಿಯಿತು. ಹನ್ನೆರಡು ಗಂಟೆಯ ಪಾಳಿ ಅನಂತರವೂ ದಶಕಗಳ ಕಾಲ ಮುಂದುವರಿಯಿತು. ಇದೆಲ್ಲ ಆಗುವಾಗ ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದನು. 1898ರಲ್ಲಿ ಹೋಮ್‌ಸ್ಟೆಡ್ ಕೆಲಸಗಾರರ ನೆರೆಯಲ್ಲಿಯೇ ಅವನ ಹೆಸರಿನ ಭವ್ಯ ಗ್ರಂಥಾಲಯ ತೆರೆಯಿತು. ಹನ್ನೆರಡು ಗಂಟೆ ಕುಲುಮೆಯ ಮುಂದೆ ನಿಂತವನು ಯಾವ ಹೊತ್ತಿನಲ್ಲಿ ಪುಸ್ತಕ ಹಿಡಿಯಬೇಕು?

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಕಾಳಗವಲ್ಲ, ಅವನ ಪ್ರಬಂಧದ ಒಂದು ವಾದ. ಈ ಧನವನ್ನು ಸ್ವಲ್ಪ ಸ್ವಲ್ಪವಾಗಿ ಜನರಿಗೆ ಹಂಚಿದ್ದರೆ ಅದು ಹೊಟ್ಟೆಬಟ್ಟೆಯ ಕ್ಷುಲ್ಲಕ ಸುಖಗಳಲ್ಲಿ ಕರಗಿಹೋಗುತ್ತಿತ್ತು. ಒಬ್ಬನ ಕೈಯಲ್ಲಿ ಕೂಡಿ, ಅವನ ವಿವೇಕದಿಂದ ದೊಡ್ಡ ಕಾರ್ಯಗಳಾಗಿ ಮರಳುವುದೇ ಬಡವರಿಗೆ ಮೇಲು ಎಂಬುದು ಅದರ ತಾತ್ಪರ್ಯ. ಮೇಲ್ನೋಟಕ್ಕೆ ಯುಕ್ತಿಯುಕ್ತವಾಗಿ ಕಾಣುತ್ತದೆ. ಆದರೆ ನನ್ನ ಕೂಲಿಯಲ್ಲಿ ನಾನು ಮಗುವಿಗೆ ಹಾಲು ತರಬೇಕೋ ಊರಿಗೆ ಗ್ರಂಥಾಲಯ ಕಟ್ಟಬೇಕೋ ಎಂಬುದನ್ನು ನನ್ನ ಪರವಾಗಿ ಇನ್ನೊಬ್ಬನು ನಿರ್ಣಯಿಸಿ, ಆಮೇಲೆ ಆ ಗ್ರಂಥಾಲಯಕ್ಕೆ ತನ್ನ ಹೆಸರಿಟ್ಟರೆ, ಅದನ್ನು ದಾನವೆನ್ನಬಹುದೇ? ದಾನಕ್ಕೆ ದ್ರವ್ಯವು ನ್ಯಾಯಾರ್ಜಿತವಾಗಿರಬೇಕೆಂಬುದು ಧರ್ಮಶಾಸ್ತ್ರದ ಮೊದಲ ನಿಬಂಧನೆ. ನನ್ನದಲ್ಲದುದನ್ನು ಕೊಟ್ಟರೆ ಅದು ಋಣ ತೀರಿಸಿದಂತೆ, ಅದೂ ಸಾಲ ಕೊಟ್ಟವನಿಗಲ್ಲದೆ ಬೇರೆಯವನಿಗೆ ತೀರಿಸಿದಂತೆ.

“ಅದು ಅಮೆರಿಕದ ಹಳೆಯ ಕಥೆ. ನಮ್ಮ ನಾಡಿನಲ್ಲಿಯೇ ಬಂದೂಕಿಲ್ಲದೆ ಐಶ್ವರ್ಯ ಬಂದಿಲ್ಲವೇ?” ಎಂದು ಕೇಳುವುದು ನ್ಯಾಯ. ಬಂದಿದೆ. 1981ರಲ್ಲಿ ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಆರಂಭವಾದ ಇನ್ಫೋಸಿಸ್ ಸಂಸ್ಥೆಯು ತನ್ನ ನೌಕರರಿಗೂ ಷೇರುಗಳನ್ನು ಹಂಚಿತು. ವಿಪ್ರೋ ಸಂಸ್ಥೆಯ ಅಜೀಂ ಪ್ರೇಮ್‌ಜಿಯವರು 2019ರ ವೇಳೆಗೆ ಒಟ್ಟು 1,45,000 ಕೋಟಿ ರೂಪಾಯಿ ಮೌಲ್ಯದ ಸಂಪತ್ತನ್ನು ಶಿಕ್ಷಣವೇ ಮುಖ್ಯ ಉದ್ದೇಶವಾದ ತಮ್ಮ ಪ್ರತಿಷ್ಠಾನಕ್ಕೆ ಮುಡಿಪಾಗಿಟ್ಟರು. ಇಂಥವರ ಮೇಲೆ ಆಕ್ಷೇಪವೆತ್ತುವುದು ನನ್ನ ಉದ್ದೇಶವಲ್ಲ. ಅವರ ಪ್ರಾಮಾಣಿಕತೆಯನ್ನು ಪೂರ್ಣವಾಗಿ ಒಪ್ಪಿಕೊಂಡೇ ಕೇಳುತ್ತೇನೆ: ಈ ಐಶ್ವರ್ಯದಲ್ಲಿ ಸೇರಿದ ಕೈಗಳು ಯಾರವು? ತಂತ್ರಜ್ಞರನ್ನು ತಯಾರಿಸಿದ ಎಷ್ಟೋ ಕಾಲೇಜುಗಳು ಸರ್ಕಾರದ ಖರ್ಚಿನಲ್ಲಿ, ಎಂದರೆ ಉಪ್ಪಿಗೂ ಬೆಂಕಿಪೊಟ್ಟಣಕ್ಕೂ ತೆರಿಗೆ ಕೊಟ್ಟವರ ಖರ್ಚಿನಲ್ಲಿ ನಡೆದವು. ತಂತ್ರಾಂಶ ರಫ್ತಿನ ಲಾಭಕ್ಕೆ 2011ರವರೆಗೂ ಆದಾಯ ತೆರಿಗೆಯ ವಿನಾಯಿತಿಯಿತ್ತು. ಆದಾಯ ಡಾಲರಿನಲ್ಲಿ, ಸಂಬಳ ರೂಪಾಯಿಯಲ್ಲಿ. ಆ ಅಂತರವನ್ನು ಯಾವ ಒಬ್ಬ ಮನುಷ್ಯನೂ ದುಡಿದು ನಿರ್ಮಿಸಲಿಲ್ಲ. ಇದರಲ್ಲಿ ಪಾಪವೆಲ್ಲಿದೆ? ಎಲ್ಲಿಯೂ ಇಲ್ಲ. ಆದರೆ ಇಷ್ಟೂ ಪಾಲುದಾರರನ್ನು ಬಿಟ್ಟು ಉಳಿದುದೆಷ್ಟೆಂದು ಹೇಳಬಲ್ಲ ಲೆಕ್ಕಿಗನೂ ಇಲ್ಲ.

ಇಲ್ಲಿ ನನಗೆ ತೋರುವ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಅಪಾರ ಐಶ್ವರ್ಯವು ಪಾಪವಿಲ್ಲದೆ ಒಬ್ಬನ ಕೈಗೆ ಬರುವುದು ಅಸಾಧ್ಯವಲ್ಲ. ಅದನ್ನು “ನಾನು ಗಳಿಸಿದೆ” ಎಂದು ಸತ್ಯವಾಗಿ ಹೇಳುವುದು ಮಾತ್ರ ಅಸಾಧ್ಯ. ಒಂದು ಮಿತಿಯನ್ನು ದಾಟಿದ ಮೇಲೆ ಅದರ ಮೂಲ ಒಡೆಯನಿಗೇ ತಿಳಿಯದು. ತಿಳಿಯದ ಮೇಲೆ ಅರ್ಥಶೌಚದ ಮಾತು ಮುಗಿಯಿತು. ಒಡೆಯನಾರೆಂದು ತಿಳಿಯದ ಸೊತ್ತು ಸಿಕ್ಕಿದರೆ ಏನು ಮಾಡಬೇಕೆಂದು ಸ್ಮೃತಿಯೇ ಹೇಳಿದೆ: ರಾಜನು ಕೂಡ ಅದನ್ನು ತನ್ನದೆನ್ನಕೂಡದು, ಮೂರು ವರ್ಷ ಕಾದಿಡಬೇಕು, ಅಷ್ಟರಲ್ಲಿ ಒಡೆಯನು ಬಂದರೆ ಅವನಿಗೆ ಒಪ್ಪಿಸಬೇಕು. ದಾರಿಯಲ್ಲಿ ಬಿದ್ದ ಉಂಗುರಕ್ಕೆ ಇಷ್ಟು ಕಟ್ಟಳೆ. ಷೇರುಪೇಟೆಯಲ್ಲಿ ಒಂದು ಬೆಳಿಗ್ಗೆ ಏರಿಬಂದ ನೂರು ಕೋಟಿಗೆ ಯಾವ ಕಟ್ಟಳೆಯೂ ಇಲ್ಲವೆಂಬುದು ವಿಚಿತ್ರ.

ಗಾಂಧೀಜಿಯವರು ಇದಕ್ಕೆ ಧರ್ಮದರ್ಶಿತ್ವವೆಂಬ ಮಾರ್ಗವನ್ನು ಸೂಚಿಸಿದರು. ಧನಿಕನು ತನ್ನ ಧನಕ್ಕೆ ಒಡೆಯನಲ್ಲ, ಧರ್ಮದರ್ಶಿ. ಕನ್ನಡದ ಈ ಶಬ್ದ ದೇವಸ್ಥಾನದವರಾದ ನಮಗೆ ಬಹಳ ಪರಿಚಿತವಾದುದು. ನಮ್ಮ ಧರ್ಮದರ್ಶಿಗಳು ವರ್ಷಾಂತ್ಯಕ್ಕೆ ಲೆಕ್ಕ ಒಪ್ಪಿಸಬೇಕು, ದೀಪದ ಎಣ್ಣೆ ಎರಡು ಸೇರು ಹೆಚ್ಚಾದರೂ ಭಕ್ತರು ಕೇಳುತ್ತಾರೆ, ತಪ್ಪಿದರೆ ತೆಗೆದುಹಾಕಬಹುದು. ತನ್ನನ್ನು ತಾನೇ ನೇಮಿಸಿಕೊಂಡು ತನಗೆ ತಾನೇ ಲೆಕ್ಕ ಒಪ್ಪಿಸುವ ಧರ್ಮದರ್ಶಿಯನ್ನು ಯಾವ ದೇವಸ್ಥಾನವೂ ಕಂಡಿಲ್ಲ. ಕಾರ್ನೆಗಿಯಲ್ಲಿ ಕೊರತೆಯಾದದ್ದು ಔದಾರ್ಯವಲ್ಲ, ಲೆಕ್ಕ ಕೇಳುವವರು.

ಇನ್ನು “ಹರಿಯಿಚ್ಛೆ” ಎಂಬ ಉತ್ತರ. ಅದು ಸತ್ಯವೇ. ಜೀವನ ಕರ್ತೃತ್ವವು ಪರಾಧೀನವೆಂಬುದು ನಮ್ಮ ಸಿದ್ಧಾಂತ. ಈಶಾವಾಸ್ಯದ ಮೊದಲ ಮಂತ್ರಕ್ಕೆ ಶ್ರೀಮದಾಚಾರ್ಯರು, ಭಗವಂತನು ಕೊಟ್ಟುದರಿಂದಲೇ ಜೀವಿಸು, ಬೇರೆಯವರನ್ನು ಯಾಚಿಸಬೇಡ ಎಂದು ಅರ್ಥಮಾಡಿದ್ದಾರೆ. ಆದರೆ ಈ ತತ್ತ್ವವನ್ನು ಬೆಳ್ಳಿಯ ಬಾಗಿಲಿನ ಪರವಾಗಿ ಮಾತ್ರ ಹೇಳಿ, ಹಮಾಲಿಯ ಬರಬೇಕಾದ ಕೂಲಿಯ ವಿಷಯದಲ್ಲಿ ಸುಮ್ಮನಿದ್ದರೆ ಅದು ತತ್ತ್ವಕ್ಕೆ ಅಪಚಾರ. ಎಲ್ಲವೂ ಅವನದೆಂದರೆ “ನನ್ನದು” ಎಂಬ ಮಾತು ಮೊದಲು ಬಿಡಬೇಕಾದವನು ಹೆಚ್ಚು ಇಟ್ಟುಕೊಂಡವನೇ.

ಮತ್ತೆ ದಾಸರ ಕಥೆಗೆ ಬರುತ್ತೇನೆ. ಸಂಪ್ರದಾಯದ ಕಥೆಯಲ್ಲಿ ಶ್ರೀನಿವಾಸ ನಾಯಕನು ಒಡವೆಗಳ ವ್ಯಾಪಾರ, ಗಿರವಿ, ಬಡ್ಡಿಗಳಿಂದ ಬೆಳೆದವನು. ಅವನ ಪೆಟ್ಟಿಗೆಯಲ್ಲಿ ಎಷ್ಟು ಹೆಂಗಸರ ಮೂಗುತಿಗಳಿದ್ದುವೋ! ಒಂದನ್ನೂ ಅವನು ಗುರುತಿಸಲಿಲ್ಲ; ಅವೆಲ್ಲ ಅವನಿಗೆ ತೂಕ, ಬೆಲೆ. ಬ್ರಾಹ್ಮಣನು ತಂದ ಆ ಒಂದು ಮೂಗುತಿ ಮಾತ್ರ ಯಾರದೆಂದು ಅವನಿಗೆ ತಿಳಿಯಿತು. ಅದು ತನ್ನ ಹೆಂಡತಿಯದು. ಹೀಗೆ ನೋಡಿದರೆ ಆ ತರುಣನು ಇಟ್ಟ ಎರಡು ವಿಕಲ್ಪಗಳು ಎರಡಲ್ಲವೆಂದು ತೋರುತ್ತದೆ. ಒಂದು ಒಡವೆಯ ಒಡತಿಯನ್ನು ಕಂಡಮೇಲೆ ಉಳಿದ ಒಡವೆಗಳಿಗೂ ಒಡತಿಯರಿದ್ದಾರೆಂದು ಹೊಳೆಯಿತು. ವೈರಾಗ್ಯವೆಂದು ನಾವು ಕರೆಯುವುದು ಅದನ್ನೇ ಇರಬಹುದು.

ಇಷ್ಟು ಬರೆದವನು ತನ್ನ ಮಾತನ್ನೂ ಹೇಳಬೇಕಲ್ಲವೇ? ನನ್ನ ಬಿ.ಎ. ವ್ಯಾಸಂಗದ ಮೂರು ವರ್ಷದ ಶುಲ್ಕವನ್ನು ಕೊಟ್ಟದ್ದು ಒಬ್ಬ ಧನಿಕರ ಹೆಸರಿನ ವಿದ್ಯಾರ್ಥಿವೇತನ. ಅವರ ವ್ಯಾಪಾರವೇನೆಂದು ನಾನು ಅಂದು ವಿಚಾರಿಸಲಿಲ್ಲ. ಅರ್ಜಿಯಲ್ಲಿ ಅಂಥ ಕಾಲಮ್ಮು ಇರಲಿಲ್ಲ. ನಮ್ಮ ಮನೆಯ ಒಲೆ ಉರಿದದ್ದೂ ಸಂಭಾವನೆಯಿಂದ, ತಟ್ಟೆಕಾಸಿನಿಂದ. ಆದುದರಿಂದ ಈ ಲೇಖನವನ್ನು ಧನಿಕರ ಮೇಲಿನ ದೂರೆಂದು ಭಾವಿಸಬಾರದು. ಕೊಡುವವನಿಗೆ ಅರ್ಥಶೌಚವಿದ್ದಂತೆ ತೆಗೆದುಕೊಳ್ಳುವವನಿಗೂ ಇದೆ, ನಾವು ಅದನ್ನು ಹುಂಡಿಯ ಬೀಗದೊಂದಿಗೆ ಮುಚ್ಚಿಡುತ್ತೇವೆ.

ಕಳೆದ ವರ್ಷ ಪ್ರತಿಷ್ಠಾ ವರ್ಧಂತಿಯ ಅನ್ನಸಂತರ್ಪಣೆಗೆ ಒಬ್ಬ ದೊಡ್ಡ ಉದ್ಯಮಿಗಳು ಸಂಪೂರ್ಣ ಸೇವೆ ವಹಿಸಿಕೊಳ್ಳುವುದಾಗಿ ಬಂದಿದ್ದರು. ತೀರ್ಥರೂಪರಿಗೆ ಈಗ ವಯಸ್ಸಾಗಿದೆ. ಪೂಜೆಯನ್ನು ಬಿಟ್ಟು ರಶೀದಿ ಪುಸ್ತಕದ ಮುಂದೆ ಕುಳಿತಿರುತ್ತಾರೆ. ಅವರು ಲೇಖನಿಯನ್ನು ಕೈಯಲ್ಲಿ ಹಿಡಿದುಕೊಂಡು, “ಯಜಮಾನರೇ, ತಪ್ಪು ತಿಳಿಯಬಾರದು. ನಿಮ್ಮಲ್ಲಿ ಕೆಲಸ ಮಾಡುವವರಿಗೆಲ್ಲ ಈ ತಿಂಗಳ ಸಂಬಳ ಆಗಿದೆಯೇ?” ಎಂದು ಕೇಳಿದರು. ಸಮಿತಿಯವರು ಮುಖ ಮುಖ ನೋಡಿಕೊಂಡರು. ಆ ಮಹನೀಯರು ಒಂದು ಗಳಿಗೆ ಸುಮ್ಮನಿದ್ದು, “ನಮ್ಮಲ್ಲಿ ನಾಲ್ಕು ಸಾವಿರ ಜನ ಇದ್ದಾರೆ, ಆಚಾರ್ಯರೇ. ಬಹಳ ಜನ ಗುತ್ತಿಗೆದಾರರ ಕಡೆಯವರು. ಆಗಿರಬೇಕು. ವಿಚಾರಿಸುತ್ತೇನೆ” ಎಂದರು. ತೀರ್ಥರೂಪರು ರಶೀದಿ ಬರೆದುಕೊಟ್ಟರು. ಅವರು ವಿಚಾರಿಸಿದರೋ ಇಲ್ಲವೋ ನಮಗೆ ತಿಳಿದುಬಂದಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥